ಮೂರರಲ್ಲಿ ಒಂದಕ್ಕೆ ಗುರುತು ಹಾಕಿ ಎಂದವರಿಗೆ

ನನ್ನ ಹೊಟ್ಟೆಯ ವಿಚಾರದಲ್ಲಿ ನನಗಿಂತ ಹೆಚ್ಚು ಚಿಂತಿಸುತ್ತಿರುವ ಆರೋಗ್ಯ ಪರಿಶೀಲನಾಧಿಕಾರಿಗಳೇ,

ತಾವು ಕಳೆದ ಜನವರಿ ಒಂಬತ್ತರಂದು ಸಹಿ ಮಾಡಿ ಕಳಿಸಿದ ಮೆಮೊ ನನ್ನ ಕೈ ಸೇರಿದೆ. ನನ್ನ ದೇಹದ ತೂಕ ನೂರೆಂಟು ಕಿಲೊ ಇರುವುದರಿಂದ ಇಲಾಖೆಯ ಘನತೆಗೆ ಕುಂದುಂಟಾಗಿದೆ ಎಂದೂ, ಅದನ್ನು ಇಳಿಸಲು ಮೂರು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಒಂದನ್ನು ಹದಿನೈದು ದಿನದೊಳಗೆ ಆರಿಸಿಕೊಂಡು, ಎದುರಿನ ಚೌಕದಲ್ಲಿ ಗುರುತು ಹಾಕಿ, ಸಹಿಯೊಡನೆ ಹಿಂದಿರುಗಿಸಬೇಕೆಂದೂ, ತಪ್ಪಿದರೆ ಹಳ್ಳಿಗಳ ಮೇಲೆ ತಿರುಗುವ ಕೆಲಸಕ್ಕೆ ನನ್ನನ್ನು ಅನರ್ಹಳೆಂದು ಪರಿಗಣಿಸಲಾಗುವುದೆಂದೂ ಅದರಲ್ಲಿದೆ. ಕೊನೆಯಲ್ಲಿ ಒಂದು ಸಾಲು ಮೊದಲೇ ಅಚ್ಚಾಗಿತ್ತು: ‘ನಾನು ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.’ ಹೀಗೆ, ನನ್ನ ಸ್ವಇಚ್ಛೆ ಏನೆಂಬುದು ಮುದ್ರಣಾಲಯದವರಿಗೆ ಮೊದಲು ತಿಳಿದು, ನನಗೆ ಟಪಾಲಿನಲ್ಲಿ ಬಂದು ತಲುಪಿತು.

ತಮ್ಮ ಕಚೇರಿಗೆ ಎರಡು ಸಲ ರಿಜಿಸ್ಟರ್ಡ್ ಟಪಾಲಿನಲ್ಲಿ ಉತ್ತರ ಬರೆದೆ. ಮರುಮಾತಿಲ್ಲ. ಖಾಸಗಿ ಪತ್ರ ಓದುವ ಅಭ್ಯಾಸ ತಮಗಿಲ್ಲವೆಂದು ತೋರುತ್ತದೆ. ಪತ್ರಿಕೆ ಓದುತ್ತೀರೆಂದು ಕೇಳಿದ್ದೇನೆ. ಆದ್ದರಿಂದ ಇದನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ತಾವೂ ನನ್ನ ತೂಕವನ್ನು ಎಲ್ಲರ ಎದುರಿಗೇ ನೋಡಿದಿರಲ್ಲವೆ?

ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೊಂದು ವರ್ಷದಿಂದ ಹೆರಿಗೆ ಮಾಡಿಸುತ್ತ, ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತ ಬಂದ ಆರೋಗ್ಯ ಸಹಾಯಕಿ. ಸರ್ಕಾರ ಈ ಹುದ್ದೆಗೆ ನಾಲ್ಕು ಸಲ ಹೆಸರು ಬದಲಿಸಿತು. ಜನ ಮೊದಲಿನಿಂದಲೂ ನರ್ಸಮ್ಮ ಎಂದೇ ಕರೆಯುತ್ತಾರೆ. ಏಳು ಹಳ್ಳಿ, ಮೂರು ಹಟ್ಟಿ ನನ್ನ ಪಾಲಿಗಿವೆ. ಬಸ್ಸು ಹೋಗುವುದು ಎರಡಕ್ಕೆ ಮಾತ್ರ. ಉಳಿದವಕ್ಕೆ ಈ ನೂರೆಂಟು ಕಿಲೊವನ್ನು ನಾನೇ ಹೊತ್ತು ನಡೆಯುತ್ತೇನೆ. ದಿನದ ತಿರುಗಾಟಕ್ಕೆ ಇಲಾಖೆಯ ಜೀಪನ್ನು ನಾನು ಈ ತನಕ ಬಳಲಿಸಿಲ್ಲ. ಹಟ್ಟಿಗಳಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುತ್ತಾರೆ. ಬೇಡಿರೆಂದು ಇಪ್ಪತ್ತೊಂದು ವರ್ಷ ಜಗಳವಾಡಿದ್ದೇನೆ, ಗೆದ್ದಿಲ್ಲ. ಆ ಗುಡಿಸಲಿನ ಬಾಗಿಲು ಸೊಂಟದೆತ್ತರ. ನಾನು ಪಕ್ಕಕ್ಕೆ ತಿರುಗಿ, ಮಂಡಿಯೂರಿ ಒಳಗೆ ಹೋಗುತ್ತೇನೆ. ಹೋಗದೆ ಹಿಂದಕ್ಕೆ ಬಂದದ್ದು ಒಂದು ಸಲವೂ ಇಲ್ಲ. ತಮ್ಮ ತೆಳ್ಳಗಿನ ಮೇಲ್ವಿಚಾರಕರು ಆ ಬಾಗಿಲಿನ ಹೊರಗೇ ನಿಂತು ‘ಎಲ್ಲ ಸರಿಯಿದೆ’ ಎಂದು ಬರೆದುಕೊಂಡು ಹೋದದ್ದನ್ನು ಮಾತ್ರ ಎರಡು ಸಲ ಕಂಡಿದ್ದೇನೆ.

ಇನ್ನು ತೂಕದ ಕಥೆ. ಡಿಸೆಂಬರಿನಲ್ಲಿ ಮಧುಗಿರಿಯಲ್ಲಿ ನಡೆದ ಸಿಬ್ಬಂದಿ ಸಭೆಗೆ ತಾವು ಚಿತ್ತೈಸಿದ್ದಿರಿ. ಮಿತಾಹಾರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದಿರಿ. ಅಂದು ಮಧ್ಯಾಹ್ನದ ಊಟಕ್ಕೆ ತಮಗೆ ಬಡಿಸಿದ ಹೋಳಿಗೆ ಎಷ್ಟೆಂದು ನಾನು ಎಣಿಸಲಿಲ್ಲ, ಅದು ಮರ್ಯಾದೆಯಲ್ಲ. ಆದರೆ ಹೋಳಿಗೆಯ ನಂತರ ತಮ್ಮ ಕಣ್ಣು ನನ್ನ ಮೇಲೆ ಬಿತ್ತು. ‘ಜನರಿಗೆ ಆರೋಗ್ಯ ಹೇಳಿಕೊಡೋರು ಹೀಗಿದ್ದರೆ ಹೇಗ್ರೀ?’ ಎಂದಿರಿ. ಸಭೆ ನಕ್ಕಿತು. ಅಧಿಕಾರಿ ಹೇಳಿದ್ದಕ್ಕೆ ನಗದಿರುವುದು ಸೇವಾ ನಿಯಮಕ್ಕೆ ವಿರುದ್ಧವಲ್ಲವೆ? ಅಲ್ಲಿದ್ದದ್ದು ಕೂಸುಗಳನ್ನು ತೂಗುವ ತಕ್ಕಡಿ. ಅದರಲ್ಲಿ ನನ್ನ ಒಂದು ಕೈ ಕೂಡ ಹಿಡಿಸದು. ಆಗ ತಾವು ಪಕ್ಕದ ಕಡಲೆಕಾಯಿ ಮಂಡಿಯಿಂದ ಮೂಟೆ ತೂಗುವ ತಕ್ಕಡಿ ತರಿಸಿ ನನ್ನನ್ನು ಹತ್ತಿಸಿದಿರಿ. ಅದರೊಡನೆ ಬಂದ ಹಮಾಲಿ ತಲೆಯ ಮೇಲಿನ ಟವಲು ಕೈಗೆ ತೆಗೆದುಕೊಂಡು, ‘ಅಮ್ಮಾ, ಇಳ್ದುಬುಡಿ, ನಂಗೆ ಓದಾಕೆ ಮನಸಿಲ್ಲ’ ಅಂದ. ಅವನ ಹೆಸರು ಹುಚ್ಚಣ್ಣ, ಆಮೇಲೆ ಕೇಳಿ ತಿಳಿದುಕೊಂಡೆ. ಮೂರು ತಾಲ್ಲೂಕಿನ ವಿದ್ಯಾವಂತರು ತುಂಬಿದ್ದ ಆ ಕೋಣೆಯಲ್ಲಿ ನನಗೆ ಮನುಷ್ಯನಂತೆ ಕಂಡವನು ಅವನೊಬ್ಬನೇ. ಅಂಕಿಯನ್ನು ಕೊನೆಗೆ ತಾವೇ ಬಗ್ಗಿ ಓದಿದಿರಿ. ದೇವರಿಗೆ ನೂರೆಂಟು ಹೆಸರು, ಜಪಕ್ಕೆ ನೂರೆಂಟು ಮಣಿ. ನರ್ಸಿಗೆ ಮಾತ್ರ ಆ ಸಂಖ್ಯೆ ಆಗಿಬರಲಿಲ್ಲ. ಕಿಟಕಿಯ ಹೊರಗೆ ಮಧುಗಿರಿಯ ಬೆಟ್ಟ ಕಾಣುತ್ತಿತ್ತು. ಅದಕ್ಕೆ ತಾವು ಮೆಮೊ ಕೊಡದಿದ್ದುದು ಅದರ ಪುಣ್ಯ.

ತಮ್ಮ ಕಾಳಜಿಯ ಬೇರು ಎಲ್ಲಿದೆಯೆಂದು ಮೆಮೊ ಬಂದ ಒಂದು ವಾರದ ಮೇಲೆ ತಿಳಿಯಿತು. ಹೊರದೇಶದಲ್ಲಿ ಕಲಿತು ಬಂದ ತಜ್ಞರೊಬ್ಬರು ಏಪ್ರಿಲ್ ತಿಂಗಳಲ್ಲಿ ನಮ್ಮ ಭಾಗದಲ್ಲಿ ಕ್ಯಾಮೆರಾದ ಮುಂದೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಪ್ರದರ್ಶನ ಶಿಬಿರ ನಡೆಸುವರಂತೆ. ಅವರಿಗೆ ಆರು ಜನ ಬೇಕಂತೆ. ನಾಲ್ಕು ತಾಲ್ಲೂಕು ಹುಡುಕಿದರೂ ಉಂಡು ದಪ್ಪಗಾದವರು ಆರು ಜನ ಸಿಗಲಿಲ್ಲ, ಸಿಕ್ಕವರೂ ಒಪ್ಪಲಿಲ್ಲ. ಮಿಕ್ಕದ್ದು ಸಿಬ್ಬಂದಿ. ಸಿಬ್ಬಂದಿಗೆ ‘ಒಪ್ಪುವುದು’ ಎಂಬ ಕ್ರಿಯಾಪದವೇ ಇಲ್ಲವೆಂದು ತಮಗೆ ಗೊತ್ತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನನಗೆ ಸಣ್ಣಗಾಗಬೇಕೆಂಬ ಆಸೆ ಇಲ್ಲವೆಂದು ತಿಳಿಯಬೇಡಿ. ಎರಡನೆಯ ಹೆರಿಗೆಯಾದ ಮೇಲೆ ಮೈ ಬೆಳೆಯತೊಡಗಿತು, ನಿಲ್ಲಲಿಲ್ಲ. ನಾನೂ ಎಲ್ಲರಂತೆ ಮುದ್ದೆ, ಸೊಪ್ಪಿನ ಸಾರು ಉಂಡವಳೇ. ಒಪ್ಪೊತ್ತು ಉಂಡು ನೋಡಿದೆ, ಸೋಮವಾರ ಶನಿವಾರ ಉಪವಾಸ ಮಾಡಿ ನೋಡಿದೆ. ಎರಡು ವರ್ಷದಿಂದ ಎಡಮಂಡಿ ಬಾಗಿಸಿದರೆ ಕಣ್ಣಲ್ಲಿ ನೀರು ಬರುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರಬೇಕಾದವರ ಮುಖ ನೋಡಿ ನಾನು ನಿಂತೇ ಪ್ರಯಾಣ ಮಾಡುತ್ತೇನೆ. ಆದ್ದರಿಂದ ಮೆಮೊ ಕಂಡಾಗ ಮೊದಲು ಅವಮಾನವಾಯಿತು, ಆಮೇಲೆ ನಾಚಿಕೆಯಿಲ್ಲದೆ ಸ್ವಲ್ಪ ಆಸೆಯೂ ಆಯಿತು. ನಿಜವಾಗಿ ಹೀಗೊಂದು ದಾರಿ ಇದೆಯೆ? ಇದ್ದರೆ ಮೂರರಲ್ಲಿ ಯಾವುದು? ನನ್ನ ಯಜಮಾನರು ಬೋರಪ್ಪನವರು ಮೆಮೊವನ್ನು ಎರಡು ಸಲ ಓದಿಸಿಕೊಂಡು, ‘ನಂಗೇನೂ ಭಾರ ಆಗಿಲ್ವಲ್ಲ, ಇವ್ರಿಗೇನು?’ ಅಂದರು. ಅದು ಪ್ರೀತಿಯ ಮಾತು. ಆದರೆ ಮಂಡಿ ನನ್ನದಲ್ಲವೆ?

ತಮ್ಮ ಪಟ್ಟಿ ಹೀಗಿತ್ತು: ದವಡೆ ಬಂಧನ, ಕರುಳಿನ ಉಪಮಾರ್ಗ ಜೋಡಣೆ, ಜಠರ ಸಂಕೋಚನ. ವಿವರಣೆ ಒಂದು ಸಾಲೂ ಇಲ್ಲ. ನಮ್ಮ ಆಸ್ಪತ್ರೆಯ ಕಾಂಪೌಂಡರ್ ಚಿಕ್ಕನರಸಯ್ಯನವರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ, ‘ನರ್ಸಮ್ಮೋರೆ, ಇದು ಹೋಟ್ಲಾಗೆ ಸಾದಾನಾ ಮಸಾಲೇನಾ ಸೆಟ್ಟಾ ಅಂತ ಕೇಳ್ದಂಗದೆ. ಈ ಉಪಮಾರ್ಗ ಅಂದ್ರೆ ರಸ್ತೆ ಇಲಾಖೇದು ತಪ್ಪಿ ನಿಮ್ಗೆ ಬಂದಿರ್ಬೇಕು’ ಅಂದರು. ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ, ‘ಪಾವಗಡದಾಗೆ ಕದಿರಯ್ಯ ಅಂತ ಒಬ್ರವ್ರೆ, ಕಡ್ಲೆಕಾಯಿ ವ್ಯಾಪಾರ. ಮದ್ರಾಸ್ಗೋಗಿ ಕರ್ಳು ಕತ್ತರಿಸ್ಕೊಂಡು ಬಂದವ್ರೆ ಅಂತಾರೆ. ಅವ್ರನ್ನ ನೋಡ್ಕೊಂಡ್ ಬನ್ನಿ, ಆಮೇಲೆ ಗುರುತು ಹಾಕಿ’ ಅಂದರು.

ಹದಿನೈದು ದಿನದಲ್ಲಿ ಒಂದು ದಿನ ರಜೆ ಹಾಕಿ ಪಾವಗಡದ ಬಸ್ಸು ಹತ್ತಿದೆ. ಕದಿರಯ್ಯನವರ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅಂಗಡಿ ಮುಚ್ಚಿ ಆರು ವರ್ಷವಾಗಿದ್ದರೂ ಊರೆಲ್ಲ ಅವರನ್ನು ‘ಲಾವು ಕದಿರಯ್ಯ’ ಎಂದೇ ಕರೆಯುತ್ತದೆ. ಲಾವು ಎಂದರೆ ತೆಲುಗಿನಲ್ಲಿ ದಪ್ಪ. ಬಾಗಿಲು ತೆರೆದವರು ಕಡ್ಡಿಯಂತಿದ್ದರು. ಕತ್ತಿನ ಚರ್ಮ ಜೋತುಬಿದ್ದಿತ್ತು. ನಾನು ‘ಕದಿರಯ್ಯನೋರು ಇದಾರಾ?’ ಎಂದು ಅವರನ್ನೇ ಕೇಳಿದೆ.

‘ರಾಮ್ಮಾ, ಕೂತ್ಕೋ. ನಾನೇ ಕದಿರಯ್ಯ’ ಅಂದರು. ಮೆಮೊ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೂರೆಂಟೇನಾ? ನಾನು ನೂರಾ ಮೂವತ್ತಾರಿದ್ದೆ’ ಎಂದು ಹೆಮ್ಮೆಯಿಂದಲೇ ಹೇಳಿದರು. ಆಮೇಲೆ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಮನುಷ್ಯನ ಸಣ್ಣ ಕರುಳು ಇಪ್ಪತ್ತಡಿ ಇರುತ್ತದಂತೆ. ಅದರ ಮೊದಲ ಸ್ವಲ್ಪ ಭಾಗವನ್ನೂ ಕೊನೆಯ ಸ್ವಲ್ಪ ಭಾಗವನ್ನೂ ಕೂಡಿಸಿ ಹೊಲಿದು, ನಡುವಿನದನ್ನೆಲ್ಲ ಕೆಲಸವಿಲ್ಲದೆ ಬಿಟ್ಟರಂತೆ. ಉಂಡದ್ದು ಮೈಗೆ ಹತ್ತುವ ಮೊದಲೇ ಹೊರಗೆ.

‘ಸಣ್ಣ ಆದ್ರಲ್ಲ?’ ಅಂದೆ.

‘ಆದ್ನಮ್ಮಾ, ಯಾಕಾಗ್ಲಿಲ್ಲ! ಒಂದೇ ವರ್ಸಕ್ಕೆ ಅರ್ಧ ಆದೆ. ಮಗಳ ಲಗ್ನದಾಗ ಚಪ್ಪರದ ಕೆಳಗೆ ಕಾಲು ಮಡಿಚಿ ಕೂತ್ನಮ್ಮಾ. ಹದಿನೈದು ವರ್ಸಕ್ಕೆ ಮೊದ್ಲನೇ ಸರ್ತಿ.’ ಸ್ವಲ್ಪ ಹೊತ್ತು ಅವರ ಮುಖ ಅರಳಿತ್ತು. ‘ಆಮೇಲಿಂದು ಕೇಳು. ದಿನಕ್ಕೆ ಹತ್ತು ಹದಿನೈದು ಸಲ ಆಚೆಕಡೆ. ಬಸ್ಸತ್ತಾಕಾಗಲ್ಲ, ಅಂಗಡ್ಯಾಗೆ ಕೂಡಾಕಾಗಲ್ಲ. ಎರಡು ಸರ್ತಿ ಮೂತ್ರದಾಗ ಕಲ್ಲು. ಕೀಲೆಲ್ಲ ನೋವು. ಸಂಜೆ ಆದ್ರೆ ಕಣ್ಣು ಮಂಜು. ಸೊಸೆ ಅನ್ನ ಹಾಕ್ಬೇಕಾದ್ರೆ ಮೊದ್ಲು ಹಿತ್ಲ ಬಾಗ್ಲು ತೆಗೆದಿಟ್ಟು ಆಮೇಲೆ ಎಲೆ ಹಾಕ್ತಾಳೆ. ದೇವುಡಾ, ಏನು ಬಾಳಮ್ಮಾ ಇದು?’

‘ಇದೆಲ್ಲ ಆಗುತ್ತೆ ಅಂತ ಮೊದಲು ಹೇಳಿದ್ರಾ?’

‘ಹೇಳಿದ್ರೋ ಏನೋ. ಇಂಗ್ಲೀಸಾಗೆ ಏನೋ ಅಂದ್ರು. ನಾನು ಚೇಯಂಡಯ್ಯಾ ಅಂದೆ, ಮಾಡ್ರಯ್ಯಾ ಅಂದೆ. ಆಸೆಗೆ ಕಿವಿ ಇರ್ತೈತಾ?’

ಮಾತಾಡುತ್ತಿದ್ದ ಅರ್ಧ ಗಂಟೆಯಲ್ಲಿ ಅವರು ಎರಡು ಸಲ ಎದ್ದುಹೋಗಿ ಬಂದರು. ಹೊರಡುವಾಗ ನನ್ನನ್ನು ತಡೆದು, ‘ಬೇಡ ಅಂತ ನಾನು ಹೇಳಲ್ಲ. ತಿಳ್ಕೊಂಡು ಹೋಗು ಅಂತೀನಿ. ಬೇಕಾದ್ರೆ ನನ್ನ ಹೆಸ್ರು ಪೇಪರ್ನಾಗೆ ಹಾಕು’ ಅಂದರು. ಹಾಕಿದ್ದೇನೆ. ಪರಿಶೀಲನಾಧಿಕಾರಿಗಳೇ, ತಮ್ಮ ಪಟ್ಟಿಯ ಎರಡನೆಯ ಬಾಬತ್ತು ಎಂದರೆ ಈ ಮನುಷ್ಯ. ಗುಡಿಸಲಿನಲ್ಲಿ ಹೆರುವ ಹೆಂಗಸಿನ ಪಕ್ಕ ಆರು ಗಂಟೆ ಕೂರಬೇಕಾದ ನರ್ಸಿಗೆ, ಬಯಲಲ್ಲಿ ನಾಲ್ಕು ಮೈಲಿ ನಡೆಯಬೇಕಾದವಳಿಗೆ, ದಿನಕ್ಕೆ ಹದಿನೈದು ಸಲ ಓಡುವ ಕರುಳನ್ನು ತಾವು ಸೂಚಿಸಿದ್ದೀರಿ. ತಮ್ಮ ದೂರದೃಷ್ಟಿಯನ್ನು ಯಾವ ಕನ್ನಡಕದಂಗಡಿಯಲ್ಲಿ ಮಾಡಿಸಿದಿರಿ?

ಮರುವಾರ ಬೆಂಗಳೂರಿಗೆ ಹೋದೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವ ಹೆಂಗಸರೊಬ್ಬರಿದ್ದಾರೆ. ಆಸ್ಪತ್ರೆಯ ಹೆಸರು ಬರೆದರೆ ಅವರಿಗೂ ತಾವು ಮೆಮೊ ಕಳಿಸೀರಿ, ಆದ್ದರಿಂದ ಬೇಡ. ಹೊರರೋಗಿಗಳ ಸಾಲಿನಲ್ಲಿ ಮೂರು ಗಂಟೆ ನಿಂತು ಒಳಗೆ ಹೋದೆ. ಅವರು ಮೆಮೊ ಓದಿ, ‘ರಕ್ತ ಪರೀಕ್ಷೆ ಮಾಡಿಸಿದಾರಾ? ಸಕ್ಕರೆ, ಥೈರಾಯಿಡು?’ ಎಂದು ಕೇಳಿದರು.

‘ಇಲ್ಲ ಮೇಡಂ. ತಕ್ಕಡಿ ಮಾತ್ರ ತರಿಸಿದರು.’

‘ಹೊಟ್ಟೆ ಮುಟ್ಟಿ ಕೂಡ ನೋಡಿಲ್ವಾ?’

‘ಇಲ್ಲ.’

ಅವರು ನನ್ನ ಚೀಟಿಯ ಬೆನ್ನ ಮೇಲೆ ಚಿತ್ರ ಬರೆಯತೊಡಗಿದರು. ಹೊರಗೆ ಅಷ್ಟು ಜನ ಕಾದಿದ್ದರೂ ಇಪ್ಪತ್ತು ನಿಮಿಷ ನನಗಾಗಿ ಕೊಟ್ಟರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚುವುದು ದವಡೆ ಬಂಧನ. ಹಾಲು, ಗಂಜಿಯನ್ನು ಕೊಳವೆಯಲ್ಲಿ ಹೀರಿ ತಿಂಗಳುಗಟ್ಟಲೆ ಬದುಕಬೇಕು, ವಾಂತಿಯಾದರೆ ಉಸಿರುಗಟ್ಟಬಹುದು, ತಂತಿ ಬಿಚ್ಚಿದ ಮೇಲೆ ತೂಕ ಹಿಂದಕ್ಕೆ ಬರುವುದೇ ಹೆಚ್ಚು. ಕರುಳಿನದನ್ನು ಹೊರದೇಶದವರೇ ಈಗ ಕೈಬಿಡುತ್ತಿದ್ದಾರೆ, ಮೊದಲು ಮಾಡಿಸಿಕೊಂಡ ಎಷ್ಟೋ ಜನರಿಗೆ ಬಿಚ್ಚಿ ಮೊದಲಿನಂತೆ ಜೋಡಿಸುತ್ತಿದ್ದಾರೆ ಎಂದರು. ಕದಿರಯ್ಯನವರ ವಿಳಾಸ ಕೇಳಿ ಬರೆದುಕೊಂಡು, ‘ಅವರನ್ನ ಒಂದು ಸಲ ಬರಕ್ಕೆ ಹೇಳಿ, ನೋಡೋಣ’ ಅಂದರು. ಮೂರನೆಯದು ಜಠರಕ್ಕೆ ಸಾಲಾಗಿ ಪಿನ್ನು ಹೊಡೆದು, ಮೇಲುಗಡೆ ಹೆಬ್ಬೆರಳಿನಷ್ಟು ಚೀಲ ಮಾಡಿ, ಅದರ ಬಾಯಿಗೆ ಪಟ್ಟಿ ಕಟ್ಟುವುದು. ಸ್ವಲ್ಪ ಉಂಡರೆ ಸಾಕಾಗುತ್ತದೆ. ಇದ್ದುದರಲ್ಲಿ ವಾಸಿ. ಆದರೆ ಬಂದು ಬಹಳ ವರ್ಷವಾಗಿಲ್ಲ, ಪಿನ್ನು ಬಿಟ್ಟುಕೊಂಡದ್ದೂ ಉಂಟು. ಜಠರವನ್ನೂ ಕರುಳನ್ನೂ ಬೇರೆ ರೀತಿ ಸೇರಿಸುವ ನಾಲ್ಕನೆಯದೊಂದೂ ಇದೆಯಂತೆ, ಅದಿನ್ನೂ ದೊಡ್ಡ ಕೆಲಸ. ಅದು ತಮ್ಮ ಪಟ್ಟಿಯಲ್ಲಿಲ್ಲ. ಶಿಬಿರದ ತಜ್ಞರಿಗೆ ಬರುವುದಿಲ್ಲವೇನೋ.

‘ನೀವು ಊಟಕ್ಕೆ ಏನು ತಿಂತೀರಿ?’ ಎಂದು ಕೇಳಿದರು.

‘ಮುದ್ದೆ, ಮೇಡಂ.’

‘ಅಗಿದಾ, ನುಂಗೀನಾ?’

ನನಗೆ ನಗು ಬಂತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೆ? ಅವರು ನಗಲಿಲ್ಲ. ‘ಮೂರನೇದು ಮಾಡಿಸ್ಕೊಂಡ್ರೆ ಒಂದು ತುತ್ತು ಮುದ್ದೆ ನುಂಗಿದ್ರೂ ಅಲ್ಲೇ ಸಿಕ್ಕಿಕೊಳ್ಳುತ್ತೆ, ವಾಂತಿ ಮಾಡ್ತೀರಿ. ಜೀವನಪೂರ್ತಿ ಊಟದ ರೀತಿನೇ ಬೇರೆ ಆಗುತ್ತೆ. ವರ್ಷಗಟ್ಟಲೆ ನಮ್ಮ ಹತ್ತಿರ ಬಂದು ತೋರಿಸ್ತಿರಬೇಕು. ಇದನ್ನ ಎಲ್ಲಿ ಮಾಡ್ತಾರಂತೆ?’

‘ಶಿಬಿರದಲ್ಲಿ. ಶಾಲೆ ಕಟ್ಟಡದಲ್ಲಿ ಅಂತ ಕೇಳಿದೆ.’

ಅವರು ಪೆನ್ನು ಕೆಳಗಿಟ್ಟರು. ಆಮೇಲೆ, ‘ಯಾವುದು ಒಳ್ಳೇದು ಅಂತ ಕೇಳಬೇಡಿ. ಯಾರಿಗೆ, ಯಾವಾಗ, ಎಲ್ಲಿ, ಅದನ್ನ ಕೇಳಿ. ಯಾವುದೂ ಬೇಡ ಅನ್ನೋದೂ ಒಂದು ಉತ್ತರ. ಮೊದಲು ರಕ್ತ ಪರೀಕ್ಷೆ ಮಾಡಿಸೋಣ’ ಅಂದರು. ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಅಂದೇ ತಿಳಿಯಿತು. ಇಲಾಖೆಯ ಘನತೆಯನ್ನು ಅಳೆದವರು ಯಾರೂ ಅದನ್ನು ಅಳೆದಿರಲಿಲ್ಲ.

ಇಲ್ಲಿಯವರೆಗಿನ ಕಥೆಯಲ್ಲಿ ತಪ್ಪೆಲ್ಲ ತಮ್ಮದು, ಜಾಣತನವೆಲ್ಲ ನನ್ನದು. ಹೀಗೇ ಮುಗಿಸಿದ್ದರೆ ನನಗೂ ಸುಖವಾಗಿರುತ್ತಿತ್ತು. ಆದರೆ ಊರಿಗೆ ಬಂದ ಮರುದಿನ ಗೊಲ್ಲರಹಟ್ಟಿಗೆ ಹೋದೆ. ಅಲ್ಲಿ ಪುಟ್ಟಕ್ಕ ಎಂಬ ಹೆಂಗಸಿದ್ದಾಳೆ, ಮೂವತ್ತಮೂರು ವರ್ಷದವಳು. ನಾನು ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಾಳೆ. ಅಂದೂ ಕೊಟ್ಟಳು. ತಾಯಿಯಿಲ್ಲದ ಕುರಿಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಹಾಲು ನೆಕ್ಕಿಸುತ್ತಿದ್ದಳು.

‘ಯಾಕೆ ನರ್ಸಮ್ಮ, ಮಕ ಇಂಗೆ ಬಾಡೈತೆ?’ ಅಂದಳು. ನಾನು ಎಲ್ಲ ಹೇಳಿದೆ. ತಕ್ಕಡಿ, ಮೆಮೊ, ಕದಿರಯ್ಯ, ಬೆಂಗಳೂರು. ಜೋರಾಗಿಯೇ ಹೇಳಿದೆ, ಕೈ ಬೀಸಿ ತಮ್ಮನ್ನು ಅಣಕಿಸಿಯೂ ತೋರಿಸಿದೆ. ಅವಳು ನಗದೆ ಕೇಳಿಸಿಕೊಂಡಳು.

‘ಮೂರ್ರಾಗೆ ಒಂದು ಅಂದ್ರಾ?’

‘ಹೂಂ.’

‘ಬ್ಯಾಡ ಅನ್ನಾಕೆ ಜಾಗ ಇಲ್ವಾ ಅದ್ರಾಗೆ?’

‘ಇಲ್ಲ ಪುಟ್ಟಕ್ಕ.’

‘ನಂಗೂ ಇರ್ಲಿಲ್ಲ ಕಣಮ್ಮ’ ಅಂದಳು.

ನನ್ನ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಕೆಳಗಿಟ್ಟೆ. ಅವಳು ಕುರಿಮರಿಯ ಮೇಲಿನ ಕಣ್ಣು ತೆಗೆಯದೆ ಹೇಳುತ್ತಾ ಹೋದಳು. ‘ಹತ್ತು ವರ್ಸ ಆತು. ನೀನು ಜೀಪ್ನಾಗೆ ಬಂದು ಏನಂದೆ, ಗ್ಯಾನ ಐತಾ? ವಂಕೀನಾ, ಆಪ್ರೇಸನ್ನಾ, ಬಿರ್ರನೆ ಹೇಳು, ಜೀಪು ನಿಂತೈತೆ ಅಂದೆ. ವಂಕಿ ಹಾಕಿದ್ರೆ ಎದೆಗೆ ಏರ್ತೈತೆ ಅಂತ ಯಾರೋ ಅಂದಿದ್ರು, ಹೆದ್ರಿಕೊಂಡು ಆಪ್ರೇಸನ್ ಅಂದ್ಬುಟ್ಟೆ. ತಿರ್ಗಾ ಮಕ್ಳೇ ಆಗಲ್ಲ ಅಂತ ನೀನು ಅನ್ಲಿಲ್ಲ. ನಾನು ಕೇಳ್ಲಿಲ್ಲ. ಏನು ಕೇಳ್ಬೇಕು ಅಂತ ಗೊತ್ತಿದ್ರೆ ತಾನೇ ಕೇಳೋದು?’

ಸಾವಿರದ ಒಂಬೈನೂರ ಎಪ್ಪತ್ತಾರು. ವಂಕಿ ಎಂದರೆ ಗರ್ಭ ಕಟ್ಟದಂತೆ ಒಳಗೆ ಇಡುವ ಲೂಪು, ಆಪರೇಷನ್ ಎಂದರೆ ಸಂತಾನಹರಣ; ಆ ವರ್ಷ ನನಗೆ ಕೊಟ್ಟ ಗುರಿ ಇಪ್ಪತ್ತನಾಲ್ಕು. ಗುರಿ ಮುಟ್ಟದಿದ್ದವರ ಹೆಸರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಓದುತ್ತಿದ್ದರು. ಪುಟ್ಟಕ್ಕನಿಗೆ ಆಗ ಇಪ್ಪತ್ತಮೂರು. ಮೂರು ವರ್ಷದ ಮಗ, ಎದೆಹಾಲು ಕುಡಿಯುವ ಮಗಳು. ಗಂಡ ಯತ್ತಪ್ಪ ಕುರಿಯೊಡನೆ ಸಿರಾ ಕಡೆ ಹೋಗಿದ್ದ. ಅವನು ಬರುವ ತನಕವೂ ಕಾಯಲಿಲ್ಲ, ಅವಳ ಹೆಬ್ಬೆಟ್ಟನ್ನು ಒತ್ತಿಸಿದವಳು ನಾನು. ಮುಂದಿನ ಬೇಸಗೆಯಲ್ಲಿ ವಾಂತಿಭೇದಿಗೆ ಮಗ ಹೋದ. ಆರು ತಿಂಗಳ ಮೇಲೆ ಪುಟ್ಟಕ್ಕ ನನ್ನ ಮನೆಯ ಬಾಗಿಲಿಗೆ ಬಂದು, ‘ಅದನ್ನ ಬಿಚ್ಚಿಸ್ಬುಡು ನರ್ಸಮ್ಮ’ ಎಂದಳು. ಬಿಚ್ಚಲು ಬರುವುದಿಲ್ಲ ಎಂದು ನಾನು ಆಗ ಹೇಳಿದೆ. ಮೊದಲು ಹೇಳಬೇಕಾದದ್ದನ್ನು ಒಂದು ವರ್ಷ ತಡವಾಗಿ ಹೇಳಿದೆ. ಅವಳು ತಿರುಗಿ ಹಟ್ಟಿಯ ಕಡೆ ನಡೆದಳು. ಆಮೇಲೆ ಎಂಟು ವರ್ಷ ಮಜ್ಜಿಗೆ ಕೊಟ್ಟಳು.

‘ತಪ್ಪಾಯ್ತು ಪುಟ್ಟಕ್ಕ’ ಅಂದೆ.

‘ನಿನ್ ಮ್ಯಾಗೆ ನಂಗೆ ಸಿಟ್ಟಿಲ್ಲ ಅಂತ ಸುಳ್ಳೇಳಲ್ಲ’ ಅಂದಳು. ‘ಐತೆ. ಆದ್ರೆ ಮಗಳು ಹುಟ್ದಾಗ ನೀನು ಗುಡ್ಲೊಳಗೆ ತೆವಳ್ಕೊಂಡು ಬಂದ್ಯಲ್ಲ, ಅದೂ ಐತೆ. ಎರಡ್ನೂ ಮಡಿಕ್ಕೊಂಡಿವ್ನಿ.’

ಪರಿಶೀಲನಾಧಿಕಾರಿಗಳೇ, ಆ ಗುರಿ ಬಂದದ್ದು ತಮ್ಮಂಥ ಕುರ್ಚಿಯಿಂದ. ಆದರೆ ಜೀಪಿನಿಂದ ಇಳಿದು ಕೂಗಿದ ಬಾಯಿ ನನ್ನದು. ತಮ್ಮ ಮೆಮೊವಿನ ಭಾಷೆ ನನಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಏಕೆಂದು ಅಂದು ತಿಳಿಯಿತು: ಅದನ್ನು ನಾನೇ ಆಡಿದ್ದೆ.

ಗಡುವಿನ ಕೊನೆಯ ದಿನ ತಮ್ಮ ಕಚೇರಿಗೆ ಬಂದೆನಲ್ಲ, ತಮಗೆ ನೆನಪಿರಬೇಕು. ಕೂರಲು ಹೇಳಲಿಲ್ಲ. ಕುರ್ಚಿಯ ಮೇಲೆ ಕರುಣೆಯಿರಬಹುದು.

‘ಯಾವುದಕ್ಕೆ ಗುರುತು ಹಾಕಿದ್ದೀರಿ?’ ಎಂದಿರಿ.

‘ಯಾವುದೂ ಬೇಡ ಅಂತ, ಸಾರ್.’

‘ಅದಕ್ಕೆ ಕಾಲಂ ಇಲ್ಲವಲ್ಲ.’

‘ನಾನೇ ಒಂದು ಎಳೆದಿದ್ದೇನೆ, ಸಾರ್.’

ತಾವು ನನ್ನ ಮುಖವನ್ನಲ್ಲ, ನಾನು ಪೆನ್ನಿನಲ್ಲಿ ಎಳೆದ ಆ ಚೌಕವನ್ನು ಬಹಳ ಹೊತ್ತು ನೋಡಿದಿರಿ. ‘ಸರ್ಕಾರಿ ನಮೂನೆಯನ್ನು ತಿದ್ದುವುದು ಅಪರಾಧ, ಗೊತ್ತೇನ್ರೀ?’ ಎಂದಿರಿ. ಹೊಟ್ಟೆಯನ್ನು ತಿದ್ದಬಹುದು, ನಮೂನೆಯನ್ನು ತಿದ್ದಬಾರದು. ಇದು ನಾನು ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಕಲಿತ ಹೊಸ ಪಾಠ. ಬೆಂಗಳೂರಿನ ವೈದ್ಯರ ಚೀಟಿಯನ್ನು ಮುಂದಿಟ್ಟೆ. ‘ನಿಮಗೆ ಇಷ್ಟೆಲ್ಲ ತಿಳಿದುಕೊಳ್ಳೋ ಅಗತ್ಯ ಏನಿತ್ತು?’ ಎಂದಿರಿ. ಅದಕ್ಕೆ ಉತ್ತರವನ್ನು ಇನ್ನೂ ಹುಡುಕುತ್ತಿದ್ದೇನೆ. ಓದುಗರಲ್ಲಿ ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆಯಿರಿ.

ಫೆಬ್ರವರಿಯಲ್ಲಿ ಸಂತಾನ ನಿಯಂತ್ರಣದ ಶಿಬಿರ ಬಂತು. ನನ್ನ ಹಳ್ಳಿಗಳಿಂದ ಹನ್ನೆರಡು ಹೆಂಗಸರನ್ನು ಕರೆತರಬೇಕಿತ್ತು. ಈ ಸಲ ಜೀಪು ಬರುವುದಕ್ಕೆ ನಾಲ್ಕು ದಿನ ಮೊದಲೇ ಒಬ್ಬೊಬ್ಬರ ಮನೆಗೂ ಹೋಗಿ ಕೂತೆ. ಸ್ಲೇಟು ತೆಗೆದುಕೊಂಡು ಹೋಗಿದ್ದೆ, ಆ ವೈದ್ಯರಂತೆ ಚಿತ್ರ ಬರೆದು ತೋರಿಸಲು. ನನ್ನ ಗರ್ಭಕೋಶದ ಚಿತ್ರ ಬದನೆಕಾಯಿಯಂತೆ ಬಂತು, ಎಲ್ಲರೂ ನಕ್ಕರು, ಆದರೂ ತಿಳಿದುಕೊಂಡರು. ಮಾತ್ರೆ ಎಂದರೇನು, ವಂಕಿ ಎಂದರೇನು, ಅದು ಎದೆಗೆ ಏರುವುದಿಲ್ಲ, ಬೇಡವೆಂದಾಗ ತೆಗೆಸಬಹುದು, ಆಪರೇಷನ್ ಆದರೆ ಹಿಂದಕ್ಕೆ ಬರುವಂತಿಲ್ಲ, ಗಂಡಸರಿಗೂ ಆಪರೇಷನ್ ಉಂಟು ಮತ್ತು ಅದು ಇನ್ನೂ ಸುಲಭ, ಏನೂ ಬೇಡವೆಂದರೂ ನಾನು ನಿಮ್ಮ ಹೆರಿಗೆಗೆ ಬಂದೇ ಬರುತ್ತೇನೆ. ಎರಡು ಹಟ್ಟಿಗಳಿಗೆ ಪುಟ್ಟಕ್ಕನೂ ಬಂದಳು. ಅವಳು ಹೆಚ್ಚು ಮಾತಾಡಲಿಲ್ಲ. ‘ನಾನು ಕೇಳ್ದೆ ಕೆಟ್ಟೆ, ನೀವು ಕೇಳ್ರವ್ವ’ ಎಂದಷ್ಟೇ ಅಂದಳು. ಹನ್ನೆರಡರಲ್ಲಿ ಐದು ಜನ ಶಿಬಿರಕ್ಕೆ ಬಂದರು, ಮೂವರು ವಂಕಿ ಹಾಕಿಸಿಕೊಂಡರು, ನಾಲ್ವರು ಮನೆಯಲ್ಲಿ ಉಳಿದರು. ಬಂದ ಐವರಲ್ಲಿ ಯಾರೂ ಜೀಪಿನಲ್ಲಿ ಅಳಲಿಲ್ಲ. ಅದು ನನ್ನ ಕಿವಿಗೆ ಹೊಸದು.

ತಮಗೆ ಕಂಡದ್ದು ‘ಏಳು ಕಡಿಮೆ’ ಎಂಬುದು ಮಾತ್ರ. ಮಾರ್ಚ್ ಮೊದಲ ವಾರ ಎರಡನೆಯ ಮೆಮೊ ಬಂತು: ದೇಹಸ್ಥಿತಿಯ ಕಾರಣದಿಂದ ಗುರಿ ಸಾಧಿಸಲು ಅಸಮರ್ಥಳು, ಆದ್ದರಿಂದ ವಿಚಾರಣೆಯವರೆಗೆ ಕ್ಷೇತ್ರ ಕಾರ್ಯದಿಂದ ಬಿಡುಗಡೆ. ಈಗ ನಾನು ಆಸ್ಪತ್ರೆಯ ಮೂಲೆಯಲ್ಲಿ ಕೂತು ಹುಟ್ಟು ಸಾವಿನ ಪುಸ್ತಕ ನಕಲು ಮಾಡುತ್ತಿದ್ದೇನೆ. ಏಳು ಹಳ್ಳಿಗೆ, ಮೂರು ಹಟ್ಟಿಗೆ ಬೇರೆ ಯಾರನ್ನೂ ತಾವು ಹಾಕಿಲ್ಲ. ನಡೆಯುವವಳನ್ನು ದಪ್ಪಗಿದ್ದಾಳೆಂದು ಕುರ್ಚಿಯಲ್ಲಿ ಕೂರಿಸಿ ಸಣ್ಣಗಾಗಿಸುವ ಈ ವಿಧಾನವನ್ನು ಯಾವ ದೇಶದ ತಜ್ಞರು ಕಲಿಸಿದರು? ಕಳೆದ ಗುರುವಾರ ಕೆಂಪಕ್ಕ ಎಂಬ ಗರ್ಭಿಣಿಯನ್ನು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ನನ್ನನ್ನು ಹುಡುಕುತ್ತ ಬಂದರು. ಅಪ್ಪಣೆಯಿಲ್ಲದೆ ಎದ್ದು ಹೋಗಿ ಹೆರಿಗೆ ಮಾಡಿಸಿದೆ. ತಾಯಿ, ಮಗು ಚೆನ್ನಾಗಿದ್ದಾರೆ. ಮೂರನೆಯ ಮೆಮೊಗೆ ಇದನ್ನೂ ಸೇರಿಸಿಕೊಳ್ಳಿ.

ನನ್ನ ಹೊಟ್ಟೆ ಏನಾಯಿತು ಎಂದು ತಾವು ಕೇಳದಿದ್ದರೂ ಹೇಳುತ್ತೇನೆ. ಸಕ್ಕರೆಗೆ ಮಾತ್ರೆ ನುಂಗುತ್ತಿದ್ದೇನೆ. ಊಟ ಬದಲಿಸಿದ್ದೇನೆ. ಎರಡು ತಿಂಗಳಲ್ಲಿ ಮೂರು ಕಿಲೊ ಇಳಿದಿದೆ. ಹೆಮ್ಮೆಪಡುವಂಥದ್ದೇನಲ್ಲ, ಹಬ್ಬ ಬಂದರೆ ಹಿಂದಕ್ಕೆ ಬರಬಹುದು. ಬೆಂಗಳೂರಿನ ವೈದ್ಯರು ಅಕ್ಟೋಬರಿನಲ್ಲಿ ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದಿದ್ದಾರೆ. ಅಷ್ಟರಲ್ಲಿ ಮಂಡಿಗೆ ಹಿತವಾಗದಿದ್ದರೆ, ಸರಿಯಾದ ಆಸ್ಪತ್ರೆಯಲ್ಲಿ, ಅವರ ಕೈಯಿಂದ, ಜಠರದ್ದನ್ನು ಮಾಡಿಸಿಕೊಂಡರೂ ಮಾಡಿಸಿಕೊಂಡೇನು. ಮುದ್ದೆ ಬಿಡಬೇಕಾದೀತೆಂದು ಬೋರಪ್ಪನವರು ಈಗಲೇ ನನಗಿಂತ ಹೆಚ್ಚು ದುಃಖದಲ್ಲಿದ್ದಾರೆ. ನಾನಿನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸದೆ ಇರುವುದು ಎಷ್ಟು ಆರೋಗ್ಯಕರವೆಂದು ತಮಗೆ ಹೇಗೆ ವಿವರಿಸಲಿ?

ನನ್ನ ಬೇಡಿಕೆ ದೊಡ್ಡದಲ್ಲ. ಏಪ್ರಿಲ್ ಶಿಬಿರಕ್ಕೆ ತಾವು ಹಿಡಿದಿಟ್ಟಿರುವ ಉಳಿದ ಐವರು ನೌಕರರನ್ನು ಬಿಟ್ಟುಬಿಡಿ, ಅಥವಾ ಆ ತಜ್ಞರನ್ನು ಅವರ ಎದುರು ಕ್ಯಾಮೆರಾ ಇಲ್ಲದೆ ಒಂದು ದಿನ ಕೂರಿಸಿ, ಕನ್ನಡದಲ್ಲಿ, ಒಳಿತು ಕೆಡುಕು ಎರಡನ್ನೂ ಹೇಳಿಸಿ. ಎರಡೂ ಮೆಮೊ ಹಿಂದಕ್ಕೆ ಪಡೆದು ನನ್ನನ್ನು ನನ್ನ ಹಳ್ಳಿಗಳಿಗೆ ಕಳಿಸಿ. ಮುಂದೆ ಅಚ್ಚಾಗುವ ಪ್ರತಿಯೊಂದು ನಮೂನೆಯಲ್ಲೂ, ಅದು ನರ್ಸಿನ ಹೊಟ್ಟೆಗಿರಲಿ, ಹಟ್ಟಿಯ ಹೆಂಗಸಿನ ಗರ್ಭಕ್ಕಿರಲಿ, ‘ಯಾವುದೂ ಬೇಡ’ ಎಂಬ ಒಂದು ಚೌಕವಿರಲಿ. ಶಾಯಿ ಹೆಚ್ಚು ಹಿಡಿಯದು. ಈ ತಿಂಗಳ ಮೂವತ್ತರಂದು ವಿಚಾರಣೆಗೆ ಕರೆದಿದ್ದೀರಿ, ಬರುತ್ತೇನೆ. ಕೂರಲು ಗಟ್ಟಿಯಾದ ಬೆಂಚು ಹಾಕಿಸಿ. ಜೊತೆಗೆ ಜನ ಬರುತ್ತಾರೆ.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಪುಟ್ಟಕ್ಕನಿಗೆ ಪೂರ್ತಿ ಓದಿ ಹೇಳಿದೆ. ಮಗನ ವಿಷಯ ಬಂದಾಗ ಎದ್ದು ಹೋಗಿ, ಮತ್ತೆ ಬಂದು ಕೂತಳು. ‘ನಿನ್ನ ಹೆಸರು ಹಾಕಬಹುದಾ?’ ಎಂದು ಕೇಳಿದೆ.

‘ಬ್ಯಾಡ ಅಂದ್ರೆ ಬುಟ್ಬುಡ್ತೀಯಾ?’

‘ಬಿಡ್ತೀನಿ. ಈಗಲೇ ಗೀಚಿ ಹಾಕ್ತೀನಿ.’

ಅವಳು ನನ್ನ ಮುಖ ನೋಡಿದಳು, ನಿಜವೇ ಎಂದು ತೂಗಿ ನೋಡುವ ಹಾಗೆ.

‘ಅಂಗಾರೆ ಹಾಕು’ ಅಂದಳು.

ಇಂತಿ,
ಅಪ್ಪಣೆಗೆ ಸಹಿ ಹಾಕುವ ಮೊದಲು ಓದುವುದನ್ನು ತಡವಾಗಿ ಕಲಿತ,
ಗಂಗರತ್ನಮ್ಮ,
ಆರೋಗ್ಯ ಸಹಾಯಕಿ (ಮೂವತ್ತನೆಯ ತಾರೀಖಿನ ತನಕವಂತೂ),
ಕೊರಟಗೆರೆ ತಾಲ್ಲೂಕು. ಮಾರ್ಚ್ 1986.